ಬ್ರಹ್ಮಗಿರಿಯ ಹುಲ್ಲುಗಾವಲು ಉಳಿಯಲಿ

ಮಾನ್ಯರೇ,

2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಕೊಡಗಿನ ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ವನ್ಯಜೀವಿಧಾಮಗಳೂ ಇವೆ. ಇಲ್ಲಿನ ಬೆಟ್ಟದ ನೆತ್ತಿಯ ಹುಲ್ಲುಗಾವಲು ಮತ್ತು ಕಣಿವೆಯ ಶೋಲಾ ಎಂಬ ಗಿಡ್ಡ ಮರಗಳ ನಿತ್ಯಹಸಿರು ಕಾಡು ಮುಂಗಾರಿನ ನೀರನ್ನು ಹಿಡಿದಿಟ್ಟು, ಬೇಸಿಗೆಯಲ್ಲೂ ತೊಟ್ಟುತೊಟ್ಟಾಗಿ ತೊರೆಗಳಿಗೆ ಬಿಟ್ಟುಕೊಡುತ್ತವೆ. ಕಾವೇರಿಯ ಒಡಲು ತುಂಬುವುದು ಇಂಥ ತೊರೆಗಳಿಂದಲೇ. ಈಗ ಮಳೆ ಹದವಾಗಿ ಸುರಿಯುವ ಬದಲು ಕೆಲವೇ ದಿನಗಳಲ್ಲಿ ಧೋ ಎಂದು ಬೀಳುತ್ತಿದೆ. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತ, 2020ರಲ್ಲಿ ತಲಕಾವೇರಿಯಲ್ಲೇ ಗುಡ್ಡ ಕುಸಿದದ್ದನ್ನು ಕಂಡೆವು. ಕಾಫಿ ಹೂ ಅರಳಲು ಬೇಕಾದ ಬೇಸಿಗೆಯ ಹೂಮಳೆ ತಪ್ಪಿದ ವರ್ಷ ನಮ್ಮ ತೋಟದ ಕಾಫಿ ಮೊಗ್ಗು ಬೆರಳು ತಾಗಿದರೆ ಸಾಕು, ಕರಟಿ ಉದುರುತ್ತಿತ್ತು. ಇಳಿಜಾರನ್ನು ಜೆಸಿಬಿಯಿಂದ ಕಡಿದು ರೆಸಾರ್ಟ್ ಕಟ್ಟಲು ವನ್ಯಧಾಮಗಳ ಅಂಚಿನಲ್ಲಿ ಅನುಮತಿ ಕೊಡಬಾರದೆಂದು ಸಂಬಂಧಪಟ್ಟವರನ್ನು ಕಳಕಳಿಯಿಂದ ಕೋರುತ್ತೇನೆ.

– ಒಬ್ಬ ಕಾಫಿ ಬೆಳೆಗಾರ, ಮಡಿಕೇರಿ ತಾಲ್ಲೂಕು