ಯೂಮಾದಲ್ಲಿ ಒಬ್ಬಳೇ ಊಟಕ್ಕೆ ಕೂರುವ ವಿಷಯ

ಪ್ರೀತಿಯ ಪುಟ್ಟೀ,

ಹೊಸ ಕೆಲಸ, ನಿಮ್ಮಮ್ಮನ ಮಂಡಿ ನೋವು ಎಲ್ಲ ಫೋನಿನಲ್ಲೇ ಮಾತಾಡಿ ಆಗಿದೆ. ನನ್ನ ನಿದ್ದೆ ಕೆಡಿಸಿದ್ದು ನಿನ್ನ ಪತ್ರದ ಕೊನೆಯ ಸಾಲು. "ಹೋಟೆಲ್ ಬಾಗಿಲಲ್ಲೇ ಎಷ್ಟು ಜನ ಅಂತ ಕೇಳ್ತಾರೆ ಚಿಕ್ಕಮ್ಮ, ಒಬ್ಬಳೇ ಅನ್ನೋಕೆ ನಾಚಿಕೆ. ಎರಡು ವಾರ ರೂಮಿನಲ್ಲೇ ಏನೋ ತಿಂದುಕೊಂಡು ಇದ್ದುಬಿಡ್ತೀನಿ."

ನೀನು ಹೋಗುವ ಅದೇ ಯೂಮಾದಲ್ಲಿ, ಅಮೆರಿಕದ ಅರಿಜೋನಾದ ಆ ಊರಿನಲ್ಲಿ, ನಾನೂ ಅದನ್ನೇ ಮಾಡಿದ್ದೆ ಕಣೇ. ಫೀನಿಕ್ಸ್ ಆಫೀಸಿನಿಂದ ಹನ್ನೊಂದು ದಿನಕ್ಕೆ ಕಳಿಸಿದ್ದರು. ಕಾರಿನಲ್ಲಿ ಮೂರು ಗಂಟೆ, ಉದ್ದಕ್ಕೂ ಮರಳುಗಾಡು. ಹತ್ತು ರಾತ್ರಿ ಪರದೆ ಎಳೆದುಕೊಂಡು ಬ್ರೆಡ್ಡಿಗೆ ಉಪ್ಪಿನಕಾಯಿ ಸವರಿಕೊಂಡು ತಿಂದೆ. ನಿಮ್ಮಮ್ಮನಿಗೆ ಮಾತ್ರ ಫೋನಿನಲ್ಲಿ 'ಇಲ್ಲಿನ ಊಟ ಸೂಪರ್' ಅಂತಿದ್ದೆ. ಈಗ ಹೋಗಿ ಅವಳಿಗೆ ಹೇಳಬೇಡ.

ಮೇನ್ ಸ್ಟ್ರೀಟಿನಲ್ಲಿ ಲೂಟ್ಸ್ ಕ್ಯಾಸಿನೋ ಅಂತ ಇದೆ. ಹೆಸರಿಗಷ್ಟೇ ಕ್ಯಾಸಿನೋ. ಹಳೇ ಕಾಲದಿಂದ ಪೂಲ್, ಡಾಮಿನೋ ಆಡುವ ಜಾಗ, ಜೊತೆಗೆ ಊಟ. ಒಂದು ಸಂಜೆ ಅದರ ಬಾಗಿಲ ಹಿಡಿ ಮೇಲೆ ಕೈ ಇಟ್ಟಿದ್ದೆ. ಬಿಸಿಲಿಗೆ ಹಿಡಿ ಕಾದಿತ್ತು. ಒಳಗೆ ನಾಲ್ಕು ಜನ ಮುದುಕರು ಡಾಮಿನೋ ಬಿಲ್ಲೆಗಳನ್ನು ಮೇಜಿಗೆ ಟಪ್ ಟಪ್ ಅಂತ ಕುಟ್ಟುತ್ತಿದ್ದರು. ಈಗ ಯಾರಾದರೂ 'ಎಷ್ಟು ಜನ' ಅಂತಾರೆ ಅನ್ನಿಸಿತು. ವಾಪಸ್ ಬಂದುಬಿಟ್ಟೆ. ಅಲ್ಲಿ ಹೆಸರುವಾಸಿ ತಿನಿಸು ಅಂದರೆ ಚೀಸ್‌ಬರ್ಗರ್ ಜೊತೆಗೇ ಹಾಟ್‌ಡಾಗ್ ಸೇರಿಸಿದ್ದು, ನಮಗೆ ಆಗಿಬರಲ್ಲ ಬಿಡು. ಆದರೂ ಒಂದು ಲೋಟ ಶರಬತ್ತು ಹಿಡಿದು ಆ ಟಪ್ ಟಪ್ ಕೇಳುತ್ತಾ ಕೂರಬಹುದಿತ್ತು ಅಲ್ವಾ?

ವಿಚಿತ್ರ ನೋಡು, ಒಬ್ಬಳೇ ತಿರುಗಾಡೋಕೆ ನನಗೆ ನಾಚಿಕೆ ಇರಲಿಲ್ಲ, ತಿನ್ನೋಕೆ ಮಾತ್ರ. ಕೊನೇ ದಿನ ಹಳೇ ಜೈಲಿಗೆ ಹೋದೆ. 1876ರಲ್ಲಿ ಅದು ಶುರುವಾದಾಗ ಮೊದಲ ಏಳು ಕೈದಿಗಳನ್ನು ಅವರೇ ಕಟ್ಟಿದ ಕೋಣೆಗಳಲ್ಲಿ ಕೂಡಿಹಾಕಿದರಂತೆ. 1909ರಲ್ಲಿ ಮುಚ್ಚುವ ಹೊತ್ತಿಗೆ ಮೂರು ಸಾವಿರಕ್ಕೂ ಜಾಸ್ತಿ ಜನ ಬಂದುಹೋಗಿದ್ದರು, ಅವರಲ್ಲಿ 29 ಹೆಂಗಸರು. ಮುಂದಿನ ವರ್ಷ ಅಲ್ಲೇ ಊರಿನ ಹೈಸ್ಕೂಲು ಶುರುವಾಗಿ 1914ರವರೆಗೆ ನಡೆಯಿತು. ಆ ಶಾಲೆಯ ಆಟದ ತಂಡಕ್ಕೆ ಇವತ್ತಿಗೂ 'ಕ್ರಿಮಿನಲ್ಸ್' ಅಂತಲೇ ಹೆಸರು! ಶಿಕ್ಷೆಗೆ ಅಂತ ಗುಡ್ಡ ಕೊರೆದು ಮಾಡಿದ ಕತ್ತಲ ಕೋಣೆ ಒಂದಿದೆ. ಅದರೊಳಗೆ ನಿಂತಿದ್ದಾಗ ನನ್ನ ಹೊಟ್ಟೆ ಗುರ್ ಅಂತು. ಪಕ್ಕದಲ್ಲಿದ್ದ ಪುಟ್ಟ ಹುಡುಗ ಹೆದರಿ ಅವರಮ್ಮನನ್ನು ತಬ್ಬಿಕೊಂಡ. ಹನ್ನೊಂದು ದಿನ ಬ್ರೆಡ್ಡು ತಿಂದ ಹೊಟ್ಟೆ, ಇನ್ನೇನು ಮಾಡುತ್ತೆ.

ಅಲ್ಲಿಂದ ಖರ್ಜೂರದ ತೋಟದ ಅಂಗಡಿಗೆ ಹೋಗಿ ಶೇಕ್ ಕೊಂಡೆ. ಅಲ್ಲಿನದು ಮೆಡ್ಜೂಲ್ ಖರ್ಜೂರ. 1927ರಲ್ಲಿ ಮೊರಾಕ್ಕೋದಿಂದ ಅಮೆರಿಕಕ್ಕೆ ತಂದದ್ದು ಬರೀ 11 ಮರಿಗಿಡ, ಆ ಸಂತತಿಯೇ ಈಗ ಈ ಬಯಲಿನ ತುಂಬ. ಶೇಕ್ ಎಷ್ಟು ಗಟ್ಟಿ ಅಂದರೆ ಸ್ಟ್ರಾದಲ್ಲಿ ಖರ್ಜೂರದ ಚೂರು ಸಿಕ್ಕಿಕೊಂಡು ಕೆನ್ನೆ ನೋಯುತ್ತೆ. ಮರದ ಕೆಳಗೆ ಬೆಂಚು ಖಾಲಿ ಇತ್ತು. ನಾನು ಕಾರಿನಲ್ಲಿ ಕೂತು ಕುಡಿದೆ. ಇವತ್ತಿಗೂ ನನ್ನ ಮೇಲೆ ಸಿಟ್ಟು ಬರುತ್ತೆ.

ನಿನಗೆ ಬುದ್ಧಿ ಹೇಳೋಕೆ ನಾನ್ಯಾರು ಹೇಳು. ಆದರೂ ಮೊದಲ ದಿನ ಶೇಕ್‌ನಿಂದಲೇ ಶುರು ಮಾಡು, ಕೌಂಟರಿನಲ್ಲಿ ಎಷ್ಟು ಜನ ಅಂತ ಯಾರೂ ಕೇಳಲ್ಲ. ಬುರಿಟೋ (ಮೆಕ್ಸಿಕೋದವರ ರೊಟ್ಟಿ ಸುರುಳಿ) ಅಂಗಡಿಯಲ್ಲೂ ಅಷ್ಟೇ. ಬೀನ್ಸ್ ಬುರಿಟೋ ತಗೋ, ಬೀನ್ಸಿಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತ ಮೊದಲೇ ಕೇಳಿಕೋ. ಜೈಲು ಬೆಳಿಗ್ಗೆಯೇ ನೋಡಿ ಮುಗಿಸು, ಬೇಸಿಗೆ ಮಧ್ಯಾಹ್ನ 40 ಡಿಗ್ರಿ ದಾಟುತ್ತೆ. ಗಡಿ ಹತ್ತಿರದ ಊರು, ಪಾಸ್‌ಪೋರ್ಟ್ ಜೊತೆಗಿರಲಿ. ಮೆಕ್ಸಿಕೋ ಕಡೆ ಸುಮ್ನೆ ಕಾಲಿಡಬೇಡ, ವಾಪಸ್ ಬರೋಕೆ ವೀಸಾ ತಕರಾರು. ಇದೆಲ್ಲ ನಿನಗೆ ಗೊತ್ತಿರುತ್ತೆ.

ನದಿ ನೋಡಿ 'ಇಷ್ಟೇನಾ ಕೊಲರಾಡೋ' ಅಂದುಕೊಳ್ಳಬೇಡ. ಹಿಂದೆ ಸೈನ್ಯದ ಸಾಮಾನು ಹೊತ್ತು ಸ್ಟೀಮ್‌ಬೋಟ್ ಬರುತ್ತಿದ್ದ ನದಿ ಅದು, ಉಗ್ರಾಣಗಳು ಇನ್ನೂ ಇವೆ. ಅಣೆಕಟ್ಟು ಕಟ್ಟಿ ಹೆಚ್ಚಿನ ನೀರನ್ನು ಹೊಲಗಳಿಗೆ, ಊರುಗಳಿಗೆ ತಿರುಗಿಸಿದ್ದಾರೆ.

ಮತ್ತೆ ಆ ಪ್ರಶ್ನೆ. ನಾಲಿಗೆ ಏಳದಿದ್ದರೆ ಒಂದು ಬೆರಳು ತೋರಿಸು ಸಾಕು, ಅವರು ಮೇಜು ತೋರಿಸಿ ಹೋಗ್ತಾರೆ. ಲೂಟ್ಸ್‌ಗೆ ಹೋದರೆ ಆ ಮುದುಕರ ಜಾಗದಲ್ಲಿ ಈಗ ಯಾರು ಕೂತಿದ್ದಾರೆ ನೋಡಿ ಬರಿ.

ನಿನ್ನ,
ಚಿಕ್ಕಮ್ಮ