ಇಡಿಟಿಎ ಎಂದಷ್ಟೇ ಬರೆಯಬೇಡಿ

ಮಾನ್ಯ ಸಂಪಾದಕರೇ,

ಸೀಸದ ವಿಷಬಾಧೆಯ ಬಗ್ಗೆ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಬರುವ ಲೇಖನಗಳು ಅನೇಕ ಸಲ ಚಿಕಿತ್ಸೆಯ ವಿಚಾರವನ್ನು ‘ಇಡಿಟಿಎ ಎಂಬ ಔಷಧಿ ಲೋಹವನ್ನು ಕರಗಿಸಿ ಹೊರಹಾಕುತ್ತದೆ’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಬಹಳ ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ ನನಗೆ ಈ ವಾಕ್ಯ ಕಂಡಾಗಲೆಲ್ಲ ಆತಂಕವಾಗುತ್ತದೆ. ಅದರಲ್ಲಿ ಬಿಟ್ಟುಹೋಗಿರುವ ‘ಕ್ಯಾಲ್ಸಿಯಂ’ ಎಂಬ ಪದದ ಮೇಲೆ ರೋಗಿಯ ಪ್ರಾಣವೇ ನಿಂತಿರುತ್ತದೆ.

ಇಡಿಟಿಎ ಲೋಹವನ್ನು ಹಿಡಿಯುವ ಬಗೆ ತಿಳಿಯಲು ಮೊದಲು ಒಂದು ಸರಳ ಪ್ರಯೋಗ ನೋಡಿ. ಮೈಲುತುತ್ತದ ತಿಳಿನೀಲಿ ದ್ರಾವಣಕ್ಕೆ ಅಮೋನಿಯಾವನ್ನು ಹನಿಹನಿಯಾಗಿ ಬಿಟ್ಟರೆ ಮೊದಲು ಮಾಸಲು ನೀಲಿಯ ಪ್ರಕ್ಷೇಪ ಬೀಳುತ್ತದೆ. ಇನ್ನೂ ಬಿಡುತ್ತಾ ಹೋದರೆ ಆ ಕದಡೆಲ್ಲ ಕರಗಿ ಪ್ರನಾಳದ ತುಂಬ ಕಡುನೀಲಿ ಹರಡುತ್ತದೆ. ಅಮೋನಿಯಾ ಅಣುಗಳು ತಾಮ್ರದ ಅಯಾನನ್ನು ಸುತ್ತುವರಿದು ನೀರಿನಲ್ಲಿ ಕರಗುವ ಸಂಕೀರ್ಣವನ್ನು ಕಟ್ಟಿರುತ್ತವೆ. ಇಂಥ ಸಂಯುಕ್ತಗಳ ರಚನೆಯನ್ನು 1893ರಲ್ಲಿ ವಿವರಿಸಿದ ಆಲ್ಫ್ರೆಡ್ ವರ್ನರ್ ಅವರಿಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಅಮೋನಿಯಾದ ಒಂದು ಅಣು ಲೋಹವನ್ನು ಒಂದು ಕಡೆ ಮಾತ್ರ ಹಿಡಿದರೆ, ಇಡಿಟಿಎಯ ಒಂದೇ ಅಣು ಆರು ಕಡೆ ಹಿಡಿಯಬಲ್ಲದು. ಏಡಿ ತನ್ನ ಕೊಂಡಿಗಳಿಂದ ಕಚ್ಚಿ ಹಿಡಿಯುವುದನ್ನು ನೆನಪಿಸುವ ಈ ಹಿಡಿತಕ್ಕೆ, ಏಡಿಯ ಕೊಂಡಿಯನ್ನು ಸೂಚಿಸುವ ಗ್ರೀಕ್ ಪದದಿಂದಲೇ ‘ಕೀಲೇಶನ್’ ಎಂಬ ಹೆಸರು ಬಂದಿದೆ.

ವಿಜ್ಞಾನ ಓದಿದ ಅನೇಕರು ಈ ಹಿಡಿತವನ್ನು ಕಣ್ಣಾರೆ ಕಂಡಿರುತ್ತಾರೆ. ನೀರಿನ ಗಡಸುತನ ಅಳೆಯುವ ಪ್ರಯೋಗದಲ್ಲಿ ಬ್ಯುರೆಟ್ ಎಂಬ ಅಳತೆಯ ಕೊಳವೆಯಿಂದ ಇಡಿಟಿಎ ಬಿಡುತ್ತಾ ಹೋದಂತೆ, ಬಣ್ಣಸೂಚಕ ಬೆರೆಸಿದ ಫ್ಲಾಸ್ಕಿನ ನೀರಿನ ದ್ರಾಕ್ಷಾರಸದಂಥ ಕೆಂಪು ನೇರಳೆಗೆ ವಾಲಿ, ಕೊನೆಯ ಒಂದು ಹನಿಗೆ ಅಚ್ಚ ನೀಲಿಯಾಗುತ್ತದೆ. ಆ ಗಳಿಗೆಗೆ ನೀರಿನಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೆಲ್ಲ ಇಡಿಟಿಎಯ ವಶವಾಗಿರುತ್ತವೆ. ಆ ಬ್ಯುರೆಟ್‌ನಲ್ಲಿ ಸಾಮಾನ್ಯವಾಗಿ ಇರುವುದು ಡೈಸೋಡಿಯಂ ಇಡಿಟಿಎ. ಅದನ್ನೇ ರಕ್ತನಾಳಕ್ಕೆ ಬಿಟ್ಟರೆ ರಕ್ತದಲ್ಲಿರುವ ಕ್ಯಾಲ್ಸಿಯಂಗೂ ಇದೇ ಗತಿಯಾಗುತ್ತದೆ. 100 ಮಿಲಿಲೀಟರ್ ಸೀರಂನಲ್ಲಿ, ಅಂದರೆ ರಕ್ತದ ತಿಳಿದ್ರವದಲ್ಲಿ, ಸುಮಾರು 9ರಿಂದ 10 ಮಿಲಿಗ್ರಾಂ ಮಾತ್ರ ಇರುವ ಈ ಕ್ಯಾಲ್ಸಿಯಂ ಥಟ್ಟನೆ ಕುಸಿದರೆ ಹೃದಯವೇ ನಿಂತುಹೋಗಬಹುದು.

ಸೀಸದ ವಿಷಬಾಧೆಗೆ ಬಳಸುವ ಕ್ಯಾಲ್ಸಿಯಂ ಡೈಸೋಡಿಯಂ ಇಡಿಟಿಎಯ ಕೈಯಲ್ಲಿ ಆಗಲೇ ಒಂದು ಕ್ಯಾಲ್ಸಿಯಂ ಅಯಾನು ಇರುತ್ತದೆ; ಹಾಗಾಗಿ ಅದು ರಕ್ತದ ಕ್ಯಾಲ್ಸಿಯಂಗೆ ಕೈಹಾಕುವುದಿಲ್ಲ. ಇಡಿಟಿಎಗೆ ಕ್ಯಾಲ್ಸಿಯಂಗಿಂತ ಸೀಸದ ಮೇಲಿನ ಹಿಡಿತ ಒಂದು ಕೋಟಿ ಪಟ್ಟಿಗೂ ಹೆಚ್ಚು ಬಲವಾದದ್ದರಿಂದ, ಸೀಸ ಎದುರಾದಾಗ ಕ್ಯಾಲ್ಸಿಯಂ ಅನ್ನು ಬಿಟ್ಟು ಅದನ್ನು ಹಿಡಿಯುತ್ತದೆ, ಮತ್ತು ಹೀಗೆ ಹುಟ್ಟಿದ ಸಂಕೀರ್ಣ ನೀರಿನಲ್ಲಿ ಕರಗುವುದರಿಂದ ಮೂತ್ರದ ಮೂಲಕ ಹೊರಹೋಗುತ್ತದೆ. ಈ ರೂಪವೂ ಪೂರ್ತಿ ನಿರಪಾಯವೇನಲ್ಲ. ದೇಹಕ್ಕೆ ಬೇಕಾದ ಸತುವನ್ನೂ ಎಳೆದೊಯ್ಯುತ್ತದೆ, ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು. ಆದರೂ ಈ ಎರಡು ಇಡಿಟಿಎಗಳ ನಡುವೆ ಇರುವುದು ಚಿಕಿತ್ಸೆಗೂ ಸಾವಿಗೂ ಇರುವ ಅಂತರ. ಅಮೆರಿಕದಲ್ಲಿ 2003ರಿಂದ 2005ರ ನಡುವೆ ಕೀಲೇಶನ್ ಚಿಕಿತ್ಸೆಯ ಹೊತ್ತಿನಲ್ಲಿ ಕ್ಯಾಲ್ಸಿಯಂ ಕುಸಿದು ಇಬ್ಬರು ಮಕ್ಕಳೂ ಒಬ್ಬ ಮಹಿಳೆಯೂ ತೀರಿಕೊಂಡದ್ದು ಅಲ್ಲಿನ ಆರೋಗ್ಯ ಇಲಾಖೆಯ ವರದಿಯಲ್ಲಿ ದಾಖಲಾಗಿದೆ. ಆ ಮಕ್ಕಳಲ್ಲಿ ಒಂದಕ್ಕೆ ಇನ್ನೂ ಎರಡು ವರ್ಷ. ಅದನ್ನು ಓದಿದ ದಿನದಿಂದ ಈ ಎರಡು ಔಷಧಿಗಳ ಹೆಸರುಗಳನ್ನು ತರಗತಿಯಲ್ಲಿ ಬೇರೆಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುವುದನ್ನು ರೂಢಿ ಮಾಡಿಕೊಂಡೆ.

ಲೋಹದ ಹೆಸರು ಕೇಳಿದ ಕೂಡಲೇ ವಿಷವೆಂದು ಬರೆಯುವ ಅಭ್ಯಾಸವೂ ಇದೇ ಅವಸರದಿಂದ ಬಂದದ್ದು. ಚಿತ್ರ ಸ್ಪಷ್ಟವಾಗಲೆಂದು ಕೆಲವು ಎಂಆರ್‌ಐ ಸ್ಕ್ಯಾನ್‌ಗಳಲ್ಲಿ ಚುಚ್ಚುವ ಗ್ಯಾಡೊಲಿನಿಯಂ ಎಂಬ ಲೋಹ ಬಿಡಿ ಅಯಾನಾಗಿದ್ದರೆ ನಿಜಕ್ಕೂ ವಿಷ. ಗಾತ್ರದಲ್ಲಿ ಕ್ಯಾಲ್ಸಿಯಂ ಅಯಾನನ್ನು ಹೋಲುವುದರಿಂದ ಅದು ಕ್ಯಾಲ್ಸಿಯಂ ಮಾಡಬೇಕಾದ ಕೆಲಸಗಳಿಗೆ ಅಡ್ಡಬರುತ್ತದೆ. ಎಂಟು ಕಡೆಯಿಂದ ಬಿಗಿದು ಕಟ್ಟಿದ ಸಂಕೀರ್ಣವಾದಾಗ ಮಾತ್ರ, ಮೂತ್ರಪಿಂಡ ಚೆನ್ನಾಗಿರುವವರಲ್ಲಿ, ಬಹುಪಾಲು ಒಂದೆರಡು ದಿನಗಳಲ್ಲಿ ಹೊರಹೋಗುತ್ತದೆ. ಮೂತ್ರಪಿಂಡ ಸೋತವರಲ್ಲಿ ಅದು ದೇಹದಲ್ಲೇ ಹೆಚ್ಚು ಹೊತ್ತು ಉಳಿದು, ಸಡಿಲ ಸಂಕೀರ್ಣಗಳಿಂದ ಲೋಹ ಬಿಡಿಸಿಕೊಳ್ಳುತ್ತದೆ. ಚರ್ಮ ಮರಗಟ್ಟಿದಂತಾಗುವ ಕಾಯಿಲೆಗೂ ಈ ಔಷಧಿಗೂ ನಂಟಿರುವುದು 2006ರಲ್ಲಿ ಬೆಳಕಿಗೆ ಬಂದಿತು. ಉಂಗುರದಾಕಾರದ ಅಣುಗಳಲ್ಲಿ ಗ್ಯಾಡೊಲಿನಿಯಂ ಅನ್ನು ಇನ್ನಷ್ಟು ಭದ್ರವಾಗಿ ಹಿಡಿದಿಡುವ ಔಷಧಿಗಳಿಗೆ ಈಗ ಆದ್ಯತೆ ಸಿಕ್ಕಿರುವುದು ಇದೇ ಕಾರಣಕ್ಕೆ.

ಆದ್ದರಿಂದ ನನ್ನ ವಿನಂತಿ ಇಷ್ಟು: ಇಂಥ ಔಷಧಿಗಳ ಹೆಸರನ್ನು, ಅಂಕಣದಲ್ಲಿ ಎಷ್ಟೇ ಜಾಗದ ಕೊರತೆಯಿದ್ದರೂ, ಪೂರ್ತಿಯಾಗಿ ಅಚ್ಚು ಮಾಡಬೇಕು. ದೇಹವನ್ನು ‘ಶುದ್ಧಿ’ ಮಾಡುವುದಾಗಿ ಹೇಳಿಕೊಂಡು ಇಡಿಟಿಎ ಡ್ರಿಪ್ ಹಾಕುವವರ ಬಗ್ಗೆ ಲೇಖನ ಬಂದಾಗ, ಆ ಬಾಟಲಿಯಲ್ಲಿರುವುದು ಯಾವ ಇಡಿಟಿಎ, ರಕ್ತದಲ್ಲಿ ಸೀಸವಿದೆಯೆಂದು ಯಾವ ಪರೀಕ್ಷೆಯಿಂದ ತಿಳಿಯಿತು ಎಂಬ ಎರಡು ಪ್ರಶ್ನೆಗಳನ್ನು ನಿಮ್ಮ ವರದಿಗಾರರು ತಪ್ಪದೆ ಕೇಳಿ, ಸಿಕ್ಕ ಉತ್ತರವನ್ನು ಅದೇ ಲೇಖನದಲ್ಲಿ ಕೊಡಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ