ಮೂಲೆ ಕಂಡರೆ ಮಾದರಿ ಅಪೂರ್ಣವೇ?

ಮಾನ್ಯ ಸಂಪಾದಕರೇ,

ಈಚೆಗೆ ನಡೆದ ಅಂತರಕಾಲೇಜು ತ್ರೀಡಿ ಮಾಡೆಲಿಂಗ್ ಸ್ಪರ್ಧೆಯೊಂದರಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಒಪ್ಪಿಸಿದ ಅಂತರಿಕ್ಷ ನೌಕೆಯನ್ನು ತೀರ್ಪುಗಾರರು ‘ಅಪೂರ್ಣ’ವೆಂದು ಬದಿಗಿಟ್ಟರು. ಅದು 286 ತ್ರಿಕೋನಗಳಲ್ಲಿ ಮುಗಿದ ಲೋ-ಪಾಲಿ ಮಾದರಿ, ಅಂದರೆ ಬೇಕೆಂದೇ ಕೆಲವೇ ಚಪ್ಪಟೆ ಮುಖಗಳಿಂದ ಕಟ್ಟಿದ್ದು. ಬಹುಮಾನ ಯಾರಿಗೆ ಹೋಯಿತೆಂಬ ತಕರಾರು ನನ್ನದಲ್ಲ. ಮೂಲೆಗಳು ಎದ್ದು ಕಾಣುತ್ತವೆಂಬ ಒಂದೇ ಕಾರಣಕ್ಕೆ ವಿನ್ಯಾಸವನ್ನು ಅರೆಬರೆಯೆನ್ನುವುದು ಸರಿಯಲ್ಲವೆಂದು ಹೇಳುವುದಷ್ಟೇ ಈ ಪತ್ರದ ಉದ್ದೇಶ.

ಆಕೆ ಆಧಾರವಾಗಿ ಇಟ್ಟುಕೊಂಡದ್ದು ಮೊದಲ ತಲೆಮಾರಿನ ಜೆಟ್ ಯುದ್ಧವಿಮಾನಗಳನ್ನು. ಎಂಜಿನ್ ಹೇಳಿದಂತೆ ಕೇಳಿದ ಆಕಾರಗಳು ಅವು. 1947ರ ಕೊನೆಯಲ್ಲಿ ಮೊದಲು ಹಾರಿದ ಸೋವಿಯತ್ ಯುದ್ಧವಿಮಾನ ಮಿಗ್-15ರ ಒಡಲು ಪೀಪಾಯಿಯಂತೆ ದಪ್ಪಗಿರುವುದಕ್ಕೆ, ಗಾಳಿಯನ್ನು ನಡುವಿನಿಂದ ಅಂಚಿನತ್ತ ಎಸೆದು ಒತ್ತುವ ಅದರ ಎಂಜಿನ್ನಿನ ದೊಡ್ಡ ಅಡ್ಡಳತೆಯೇ ಕಾರಣ. ಉದ್ದನೆಯ ಹೊಗೆಕೊಳವೆಯಲ್ಲಿ ಅಂದಿನ ದುರ್ಬಲ ಎಂಜಿನ್ನಿನ ನೂಕುಬಲ ಸೋರಿಹೋಗಬಾರದೆಂದು ಬ್ರಿಟಿಷ್ ವ್ಯಾಂಪೈರ್ ವಿಮಾನದ ಒಡಲನ್ನು ಮೊಟಕುಗೊಳಿಸಿ, ಬಾಲವನ್ನು ಎರಡು ತೋಳುಗಳ ತುದಿಗೆ ಕೂರಿಸಿದರು. ಪ್ಲೈವುಡ್ ಮತ್ತು ಬಾಲ್ಸಾ ಮರದ ಮುಂಭಾಗವಿದ್ದ ಈ ವಿಮಾನವನ್ನು ನಮ್ಮ ಬೆಂಗಳೂರಿನ ಎಚ್‌ಎಎಲ್ ಕೂಡ ಪರವಾನಗಿ ಪಡೆದು ತಯಾರಿಸಿತ್ತು.

ಇಂಥ ಒಡಲನ್ನು ಎಂಟು ಮೂಲೆಗಳ ಉಂಗುರಗಳಿಂದ ಕಟ್ಟಬಹುದು. ಆರು ಉಂಗುರಗಳ ನಡುವೆ ಐದು ಪಟ್ಟಿಗಳು, ಪಟ್ಟಿಯ ಎಂಟು ಮುಖಗಳನ್ನು ಎರಡಾಗಿ ಸೀಳಿದರೆ ಪಟ್ಟಿಗೆ 16ರಂತೆ 80 ತ್ರಿಕೋನಗಳು. ಒಂದು ರೆಕ್ಕೆಗೆ ಹತ್ತು ಸಾಕು. ನಿಜವಾದ ಕಷ್ಟ ಲೆಕ್ಕದಲ್ಲಿಲ್ಲ. ಅಂತರಿಕ್ಷದಲ್ಲಿ ಗಾಳಿಯೇ ಇಲ್ಲದಿರುವಾಗ ಮೂತಿಯಲ್ಲಿ ಗಾಳಿ ಹೀರುವ ಬಾಯೇಕೆ, ರೆಕ್ಕೆಯೇಕೆ? ಆಕೆ ಬಾಯನ್ನು ಇನ್ನೊಂದು ನೌಕೆ ಬಂದು ಕೂಡಿಕೊಳ್ಳುವ ದ್ವಾರವಾಗಿಸಿದಳು. ನಿರ್ವಾತದಲ್ಲಿ ಶಾಖವನ್ನು ವಿಕಿರಣದಿಂದಲೇ ಹೊರಹಾಕಬೇಕಾದ್ದರಿಂದ, ಹಿಂದಕ್ಕೆ ಬಾಗಿದ ರೆಕ್ಕೆಗಳನ್ನು ರೇಡಿಯೇಟರ್ ಹಲಗೆಗಳಾಗಿಸಿದಳು. ಮೂಲದ ಆಕಾರ ಉಳಿಯಿತು, ಅದಕ್ಕೊಂದು ಹೊಸ ಕಾರಣವೂ ಹುಟ್ಟಿತು. ಸಿನಿಮಾ ನೌಕೆಗಳನ್ನು ನಕಲು ಮಾಡುವವರು ಕೇಳಿಕೊಳ್ಳದ ಪ್ರಶ್ನೆಗಳಿವು.

ಇನ್ನು ಆ ಮೂಲೆಗಳ ಮಾತು. ನಾಲ್ಕು ಬಿಂದುಗಳು ಒಂದೇ ಸಮತಲದಲ್ಲಿ ಇಲ್ಲದಿದ್ದಾಗ ಅವುಗಳ ನಡುವಿನ ನಾಲ್ಕು ಬದಿಯ ಮುಖವನ್ನು ಯಾವ ಕರ್ಣದಲ್ಲಿ ಸೀಳುತ್ತೇವೆ ಎಂಬುದರ ಮೇಲೆ ಆ ಜಾಗ ಉಬ್ಬುತ್ತದೆ ಇಲ್ಲವೇ ತಗ್ಗುತ್ತದೆ. ಆಕೆಯ ನೌಕೆಯಲ್ಲಿ ಚಾಲಕನ ಗಾಜಿನ ಕೆಳಗಿನ ಭುಜ ತಗ್ಗಿ, ಗುದ್ದಿಸಿಕೊಂಡ ತಗಡಿನಂತೆ ಕಾಣುತ್ತಿತ್ತು. ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶದಲ್ಲಿ ಎರಡೂ ಬದಿಯ ಒಂದೊಂದು ಕರ್ಣದ ಗೆರೆಯನ್ನು ತಿರುಗಿಸಿದ್ದೇ ತಡ, ಭುಜ ಬಿಗಿಯಾಗಿ ನಿಂತಿತು. ಆ ಗೆರೆ ಯಾವುದೆಂದು ಕಂಡುಕೊಳ್ಳಲು ಅವಳಿಗೆ ಒಂದು ಸಂಜೆ ಹಿಡಿಯಿತು. (ನನಗೂ ಹೊಳೆದಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.) ಪ್ರತಿ ಮುಖಕ್ಕೂ ಒಂದೇ ನೆರಳು ಬೀಳುವ ಫ್ಲಾಟ್ ಶೇಡಿಂಗ್ ಅವಳ ಆಯ್ಕೆಯಾಗಿತ್ತು, ಮುಖಗಳ ನಡುವಿನ ಅಂಚನ್ನು ನೆರಳಿನಲ್ಲಿ ಮರೆಸುವ ಸ್ಮೂತ್ ಶೇಡಿಂಗ್ ಹಾಕಿದ್ದರೆ ಆ ಒಡಲು ನೆನೆದ ಸಾಬೂನಿನಂತೆ ಕಾಣುತ್ತಿತ್ತು.

ಸ್ಪರ್ಧೆ ಏರ್ಪಡಿಸುವವರಲ್ಲಿ ನನ್ನದೊಂದು ವಿನಂತಿಯಿದೆ. ಲೋ-ಪಾಲಿ ಮಾದರಿಗಳಿಗೆ ಬೇರೆ ವಿಭಾಗ ಮಾಡಿ, ತ್ರಿಕೋನಗಳ ಮಿತಿಯನ್ನು ಮೊದಲೇ ತಿಳಿಸಿ, ಬಣ್ಣದ ಚಿತ್ರದೊಡನೆ ತ್ರಿಕೋನಗಳ ಗೆರೆಗಳನ್ನಷ್ಟೇ ತೋರಿಸುವ ವೈರ್‌ಫ್ರೇಮನ್ನೂ ಕೇಳಿ ಪಡೆಯಲಿ. ಶಿಕ್ಷಕರು ವಿದ್ಯಾರ್ಥಿಗಳನ್ನು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು, 1961ರ ಜೂನ್ 17ರಂದು ಮೊದಲು ಹಾರಿದ, ಎಚ್‌ಎಎಲ್‌ನದೇ ಜೆಟ್ ಯುದ್ಧವಿಮಾನವಾದ ಮಾರುತ್‌ನ ಸುತ್ತ ಪೆನ್ಸಿಲ್ ಹಿಡಿದು ಒಂದು ಸುತ್ತು ಹಾಕಿಸಬೇಕು. ಜೋಡಿ ಎಂಜಿನ್ನುಗಳಿಗೆ ಗಾಳಿ ಒದಗಿಸುವ ಬಾಯಿಗಳು ಅಲ್ಲಿ ಮೂತಿಯಿಂದ ಪಕ್ಕೆಗಳಿಗೆ ಸರಿದಿವೆ. ಎಂಟು ಮೂಲೆಗಳ ಉಂಗುರದಲ್ಲಿ ಅದನ್ನು ಹೇಗೆ ತರುವುದೆಂಬುದೇ ನಮ್ಮ ತರಗತಿಯ ಮುಂದಿನ ಅಭ್ಯಾಸ.

ಇಂತಿ,
ಮಾಡೆಲಿಂಗ್ ಶಿಕ್ಷಕ, ಮೈಸೂರು